ತಳ್ಳುವ ಮದ್ದು, ಮುಚ್ಚಿದ ಬಾಗಿಲು

ನಾಯಿ ಸಾಕುವವರ ಯಾವುದಾದರೂ ವಾಟ್ಸಾಪ್ ಗ್ರೂಪಿನಲ್ಲಿ ನೀವಿದ್ದರೆ ಈ ಮೆಸೇಜ್ ನೋಡಿಯೇ ಇರುತ್ತೀರಿ. ರಾತ್ರಿ ಎರಡು ಗಂಟೆ. "ನಮ್ಮ ನಾಯಿ ಒಂದು ಗಂಟೆಯಿಂದ ತಿಣುಕ್ತಾ ಇದೆ, ಮರಿ ಬರ್ತಾ ಇಲ್ಲ, ಏನ್ ಮಾಡೋದು?" ಐದು ನಿಮಿಷದೊಳಗೆ ಯಾರೋ ಒಬ್ಬರು ಉತ್ತರ ಹಾಕಿರುತ್ತಾರೆ: "ಆಕ್ಸಿಟೋಸಿನ್ ಒಂದು ಇಂಜೆಕ್ಷನ್ ಕೊಡಿಸಿ, ಸರಿಹೋಗುತ್ತೆ."

ಒಮ್ಮೊಮ್ಮೆ ಸರಿಹೋಗುತ್ತೆ. ಒಮ್ಮೊಮ್ಮೆ ತಾಯಿಯೂ ಉಳಿಯಲ್ಲ, ಮರಿಗಳೂ ಉಳಿಯಲ್ಲ. ಮದ್ದು ಅದೇ, ನಾಯಿಯೂ ಅದೇ ಜಾತಿಯದ್ದಿರಬಹುದು. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಇದಕ್ಕೆ ಉತ್ತರ ಸುಮಾರು 200 ವರ್ಷದ ಹಿಂದೆಯೇ ಬರೆದಿಟ್ಟಾಗಿದೆ. ಬರೆದವರು ಪಶುವೈದ್ಯರಲ್ಲ, ಮನುಷ್ಯರ ಹೆರಿಗೆ ಮಾಡಿಸುತ್ತಿದ್ದ ಒಬ್ಬ ಅಮೆರಿಕನ್ ಡಾಕ್ಟರು. ಆ ಕಥೆಯಿಂದಲೇ ಶುರು ಮಾಡೋಣ.

ಯುರೋಪಿನಲ್ಲಿ ರೈ ಅನ್ನೋ ಧಾನ್ಯ ಬೆಳೆಯುತ್ತಾರೆ. ಅದರ ತೆನೆಗೆ ಒಂದು ಶಿಲೀಂಧ್ರ ಹತ್ತುತ್ತದೆ. ಕಾಳಿನ ಜಾಗದಲ್ಲಿ ಕಪ್ಪಗೆ, ಕೋಳಿಯ ಕಾಲುಗುರಿನಂತೆ ಬಾಗಿದ ಒಂದು ಗಟ್ಟಿ ಮುದ್ದೆ ಬೆಳೆದುಕೊಳ್ಳುತ್ತದೆ. ಇದೇ ಎರ್ಗಾಟ್. ಇದರ ದಾಯಾದಿಗಳು ನಮ್ಮ ಸಜ್ಜೆಗೂ ಜೋಳಕ್ಕೂ ಬರುತ್ತವೆ, ಉತ್ತರ ಕರ್ನಾಟಕದ ರೈತರಿಗೆ ಹೊಸದಲ್ಲ. ಹಿಟ್ಟಿನ ಜೊತೆ ಬೆರೆತು ಹೊಟ್ಟೆ ಸೇರಿದರೆ ಇದು ವಿಷ. ಆದರೆ ಸ್ವಲ್ಪವೇ ಕೊಟ್ಟರೆ ಗರ್ಭಕೋಶ ಗಟ್ಟಿಯಾಗಿ ಹಿಂಡಿಕೊಳ್ಳುತ್ತದೆ ಅನ್ನೋದು ಅಲ್ಲಿನ ಸೂಲಗಿತ್ತಿಯರಿಗೆ ಗೊತ್ತಿತ್ತು. 1582ರಲ್ಲಿ ಜರ್ಮನಿಯ ಆಡಮ್ ಲೋನಿಟ್ಸರ್ ತನ್ನ ಗಿಡಮೂಲಿಕೆಗಳ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ.

1808ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ವೈದ್ಯ ಜಾನ್ ಸ್ಟರ್ನ್ಸ್ ಈ ಪುಡಿಯ ಬಗ್ಗೆ ಗೆಳೆಯನಿಗೆ ಬರೆದ ಪತ್ರ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಲಸೆ ಬಂದಿದ್ದ ಹೆಂಗಸೊಬ್ಬಳಿಂದ ಅವನು ಇದರ ಉಪಯೋಗ ಕಲಿತಿದ್ದ. ನಿಂತುಹೋದ ಹೆರಿಗೆ ಈ ಪುಡಿಯಿಂದ ಬೇಗ ಮುಗಿಯುತ್ತದೆ, ವೈದ್ಯನ ಸಮಯವೂ ಉಳಿಯುತ್ತದೆ ಅಂತ ಅವನು ಖುಷಿಯಿಂದಲೇ ಹೇಳಿದ. ಆದರೆ ಅದೇ ಪತ್ರದಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟ: ಪುಡಿ ಕೊಡುವ ಮೊದಲು ಮಗು ಹೇಗೆ ಮಲಗಿದೆ ಅಂತ ಕೈಯಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಯಾಕಂದ್ರೆ ಒಮ್ಮೆ ಗರ್ಭಕೋಶ ಹಿಂಡಲು ಶುರು ಮಾಡಿತು ಅಂದರೆ ಬಿಡುವು ಕೊಡೋದಿಲ್ಲ, ಆಮೇಲೆ ಮಗುವನ್ನು ತಿರುಗಿಸಲು ಆಗೋದೇ ಇಲ್ಲ.

ಪುಡಿಯ ಸುದ್ದಿ ಊರೆಲ್ಲ ಹರಡಿತು. ಎಚ್ಚರಿಕೆ ಅಷ್ಟು ದೂರ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಸತ್ತು ಹುಟ್ಟುವ ಮಕ್ಕಳ ಸಂಖ್ಯೆ ಏರಿತು. 1824ರಲ್ಲಿ ಡೇವಿಡ್ ಹೊಸಾಕ್ ಎಂಬ ವೈದ್ಯ ಸಿಟ್ಟಿನಿಂದ ಬರೆದ: ಇದಕ್ಕೆ ಹೆರಿಗೆಯ ಪುಡಿ ಅಂತ ಹೆಸರಿಟ್ಟಿದ್ದಾರೆ, ಮಗುವಿನ ಮಟ್ಟಿಗೆ ಇದು ಸಾವಿನ ಪುಡಿ. ಮಗು ಹೊರಬಂದ ಮೇಲೆ ರಕ್ತಸ್ರಾವ ನಿಲ್ಲಿಸೋಕೆ ಮಾತ್ರ ಇದನ್ನು ಬಳಸಿ ಅಂದ.

ನಾಯಿಯ ಹೆರಿಗೆಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಹೆರಿಗೆ ನಿಲ್ಲೋದಕ್ಕೆ ಮೂಲದಲ್ಲಿ ಎರಡು ಬಗೆಯ ಕಾರಣ. ಒಂದು, ತಳ್ಳುವ ಶಕ್ತಿ ಸಾಲದು. ತಾಯಿಗೆ ವಯಸ್ಸಾಗಿದೆ, ಬೊಜ್ಜು ಬಂದಿದೆ, ಒಂದೇ ಮರಿ ಇರುವುದರಿಂದ ಗರ್ಭಕೋಶಕ್ಕೆ ಸೂಚನೆ ಸರಿಯಾಗಿ ಸಿಕ್ಕಿಲ್ಲ, ಇಲ್ಲವೇ ಎಂಟು ಹತ್ತು ಮರಿ ಹೊತ್ತು ಹಿಗ್ಗಿ ಸುಸ್ತಾಗಿದೆ, ಕ್ಯಾಲ್ಸಿಯಂ ಕಡಿಮೆಯಾಗಿದೆ. ಎರಡು, ದಾರಿಯೇ ಇಲ್ಲ. ಮರಿಯ ತಲೆ ದೊಡ್ಡದು, ಕತ್ತು ಪಕ್ಕಕ್ಕೆ ತಿರುಗಿದೆ, ಅಡ್ಡ ಬಿದ್ದಿದೆ, ಅಥವಾ ತಾಯಿಯ ಸೊಂಟದ ಎಲುಬಿನ ಬಳೆ ಕಿರಿದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣಬಹುದು: ಮರಿ ಬರ್ತಾ ಇಲ್ಲ. ಮೊದಲನೆಯದಕ್ಕೆ ತಳ್ಳುವ ಮದ್ದು ವರ. ಎರಡನೆಯದಕ್ಕೆ ಅದೇ ಮದ್ದು ಕೊಟ್ಟರೆ ಮುಚ್ಚಿದ ಬಾಗಿಲಿಗೆ ಮತ್ತೆ ಮತ್ತೆ ಗುದ್ದಿದ ಹಾಗೆ. ಮರಿಗೆ ಉಸಿರು ಸಿಗಲ್ಲ, ಗರ್ಭಕೋಶವೇ ಒಡೆಯಬಹುದು. ಸ್ಟರ್ನ್ಸ್ ಹೇಳಿದ್ದು ಇಷ್ಟೇ: ಬಾಗಿಲು ತೆರೆದಿದೆಯಾ ಅಂತ ಮೊದಲು ನೋಡಿ.

ಎರ್ಗಾಟ್‌ನಿಂದ ಆಕ್ಸಿಟೋಸಿನ್‌ಗೆ ಬಂದ ದಾರಿಯೂ ಕುತೂಹಲದ್ದೇ. ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಹೆನ್ರಿ ಡೇಲ್ ಎಂಬ ಯುವ ವಿಜ್ಞಾನಿಗೆ ಸಿಕ್ಕ ಕೆಲಸ ಎರ್ಗಾಟ್ ದೇಹದಲ್ಲಿ ಏನು ಮಾಡುತ್ತದೆ ಅಂತ ಪತ್ತೆ ಮಾಡೋದು. ಆ ಪ್ರಯೋಗಗಳ ನಡುವೆ, ದನದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ರಸ ಗಬ್ಬದ ಬೆಕ್ಕಿನ ಗರ್ಭಕೋಶವನ್ನು ಜೋರಾಗಿ ಹಿಂಡುತ್ತದೆ ಅನ್ನೋದನ್ನು ಗಮನಿಸಿ 1906ರಲ್ಲಿ ಪ್ರಕಟಿಸಿದ. 1909ರಲ್ಲಿ ಲಿವರ್‌ಪೂಲಿನ ಬ್ಲೇರ್ ಬೆಲ್ ಈ ರಸವನ್ನು ಹೆರಿಗೆ ಚಿಕಿತ್ಸೆಯಲ್ಲಿ ಬಳಸಿದ ವರದಿ ಬರೆದ. ಅಲ್ಲಿಂದ ಅದೇ ಕಥೆ ಪುನರಾವರ್ತನೆ. ಮದ್ದು ಎಲ್ಲರ ಕೈಗೆ ಬಂತು, ಆತುರಕ್ಕೆ ಬಳಕೆಯಾಯಿತು, ಗರ್ಭಕೋಶ ಒಡೆದ ಪ್ರಕರಣಗಳು ಕಾಣಿಸಿಕೊಂಡವು.

1928ರ ಹೊತ್ತಿಗೆ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಯ ಆಲಿವರ್ ಕಾಮ್ ತಂಡ ಆ ರಸವನ್ನು ಎರಡು ಭಾಗ ಮಾಡಿತು. ಒಂದು ರಕ್ತದೊತ್ತಡ ಏರಿಸುವಂಥದ್ದು, ಇನ್ನೊಂದು ಗರ್ಭಕೋಶ ಹಿಂಡುವಂಥದ್ದು. ಎರಡನೆಯದೇ ಆಕ್ಸಿಟೋಸಿನ್. ಗ್ರೀಕ್ ಮೂಲದಲ್ಲಿ ಆ ಹೆಸರಿನ ಅರ್ಥ ಬೇಗ ಹೆರಿಗೆ ಅಂತ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಬರೀ 9 ಅಮೈನೋ ಆಮ್ಲಗಳ ಒಂದು ಚಿಕ್ಕ ಸರಪಳಿ ಅದು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಇನ್ನು ದನದ ಗ್ರಂಥಿ ಬೇಕಿರಲಿಲ್ಲ, ಕಾರ್ಖಾನೆ ಸಾಕಾಗಿತ್ತು. ಮದ್ದು ಅಗ್ಗವಾಯಿತು, ಹಸುವಿಗೂ ನಾಯಿಗೂ ಬಂತು.

ನಾಯಿಗೆ ಎಷ್ಟು ಕೊಡಬೇಕು ಅನ್ನೋದರಲ್ಲೂ ಒಂದು ಚರಿತ್ರೆ ಇದೆ. ಹಳೆಯ ಪಶುವೈದ್ಯ ಪುಸ್ತಕಗಳಲ್ಲಿ ಒಂದು ನಾಯಿಗೆ 5ರಿಂದ 20 ಯೂನಿಟ್ ಅಂತ ಇರುತ್ತಿತ್ತು. ಈಗ ತಜ್ಞರು ಹೇಳೋದು 2 ಯೂನಿಟ್‌ಗಿಂತ ಹೆಚ್ಚಿಲ್ಲದ ಸಣ್ಣ ಡೋಸು, ಅದೂ ಪರೀಕ್ಷೆಯಾದ ಮೇಲೆ. ಯಾಕೆ? ಜಾಸ್ತಿ ಕೊಟ್ಟರೆ ಗರ್ಭಕೋಶ ಹಿಂಡಿ-ಬಿಟ್ಟು, ಹಿಂಡಿ-ಬಿಟ್ಟು ಕೆಲಸ ಮಾಡೋ ಬದಲು ಮುಷ್ಟಿ ಕಟ್ಟಿದಂತೆ ಬಿಗಿದು ನಿಂತುಬಿಡುತ್ತದೆ. ಆ ಬಿಗಿತದಲ್ಲಿ ಒಳಗಿನ ಮರಿಗಳಿಗೆ ರಕ್ತ ಹೋಗೋದು ಕಡಿಮೆಯಾಗುತ್ತದೆ. ನಾವು ಸರ್ವರ್ ನಿಧಾನವಾಯಿತು ಅಂತ ರಿಕ್ವೆಸ್ಟುಗಳನ್ನು ಇನ್ನೂ ಜಾಸ್ತಿ ಕಳಿಸ್ತಾ ಹೋದರೆ ಏನಾಗುತ್ತೋ ಅದೇ.

ಈ ಮದ್ದು ಕರ್ನಾಟಕಕ್ಕೂ ಬಂದು ತಾಗುತ್ತದೆ, ಅದೂ ಕೊಟ್ಟಿಗೆಯ ದಾರಿಯಿಂದ. ಹಿಂದೆ ಕಲ್ಕತ್ತದಂಥ ಊರುಗಳಲ್ಲಿ ಹಸು ಎಮ್ಮೆ ತೊರೆ ಬಿಡದಿದ್ದರೆ ಫೂಕಾ ಅಂತ ಒಂದು ಕ್ರೂರ ಪದ್ಧತಿ ಇತ್ತು. ಹಸುವಿನ ಜನನಾಂಗದೊಳಗೆ ಕೊಳವೆಯಿಂದ ಗಾಳಿ ಊದೋದು. ಗಾಂಧೀಜಿ ಹಾಲು ಬಿಟ್ಟಿದ್ದಕ್ಕೆ ಈ ಫೂಕಾದ ವಿಷಯ ತಿಳಿದಿದ್ದೂ ಒಂದು ಕಾರಣ. ಊದಿದರೆ ಹಾಲು ಯಾಕೆ ಇಳಿಯುತ್ತೆ ಅನ್ನೋದಕ್ಕೆ ವಿವರಣೆ ಸಿಕ್ಕಿದ್ದು ತಡವಾಗಿ. 1941ರಲ್ಲಿ ಫರ್ಗುಸನ್ ಎಂಬ ವಿಜ್ಞಾನಿ, ಹೆರಿಗೆಯ ದಾರಿ ಹಿಗ್ಗಿದರೆ ನರಗಳ ಮೂಲಕ ಮೆದುಳಿಗೆ ಸುದ್ದಿ ಹೋಗಿ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ ಅಂತ ಮೊಲಗಳಲ್ಲಿ ತೋರಿಸಿದ. ಗರ್ಭಕೋಶ ಹಿಂಡುವ ಹಾರ್ಮೋನೇ ಹಾಲನ್ನೂ ಇಳಿಸುತ್ತದೆ.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಫೂಕಾವನ್ನು ಅಪರಾಧ ಅಂದಿತು, ಹಾಲಿಗಾಗಿ ಪ್ರಾಣಿಯ ಆರೋಗ್ಯಕ್ಕೆ ಕೇಡಾಗುವಂಥ ಇಂಜೆಕ್ಷನ್ ಕೊಡೋದನ್ನೂ ಸೇರಿಸಿತು. ಆದರೂ ಇಂಜೆಕ್ಷನ್ ಕೊಟ್ಟಿಗೆಗಳಲ್ಲಿ ಉಳಿಯಿತು. ಲೇಬಲ್ ಇಲ್ಲದ ಬಾಟಲಿಯಲ್ಲಿ 'ಹಾಲಿನ ಇಂಜೆಕ್ಷನ್' ಅಂತ ಮಾರಾಟವಾಗೋದನ್ನು ಹಳ್ಳಿ ಕಡೆಯಿಂದ ಬಂದವರಿಗೆ ವಿವರಿಸಬೇಕಿಲ್ಲ. ಈ ದುರುಪಯೋಗ ತಡೆಯಲು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು: ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಕೆ ಸರ್ಕಾರಿ ವಲಯಕ್ಕೆ ಮಾತ್ರ. ಆ ಹೊಣೆ ಬಿದ್ದಿದ್ದು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯ ಮೇಲೆ. ಒಂದೇ ಕಡೆ ತಯಾರಾದರೆ, ಹೆರಿಗೆಯ ನಂತರ ರಕ್ತಸ್ರಾವವಾಗುವ ತಾಯಂದಿರಿಗೆ ಮದ್ದು ಸಿಗದೇ ಹೋದರೆ ಅಂತ ವೈದ್ಯರು ಆತಂಕಪಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಜೀವ ಉಳಿಸುವ ಮದ್ದೂ ಅದೇ, ಕೊಟ್ಟಿಗೆಯ ದುರುಪಯೋಗವೂ ಅದೇ, ನಾಯಿಯ ಗ್ರೂಪಿನ 'ಒಂದು ಇಂಜೆಕ್ಷನ್'ನೂ ಅದೇ.

ಇಷ್ಟು ಹೊತ್ತು ತಳ್ಳುವ ಮದ್ದಿನ ಕಥೆ ಆಯಿತು. ಇನ್ನು ಬಾಗಿಲಿನ ಕಥೆ. ಮದ್ದನ್ನು ವಿಜ್ಞಾನಿಗಳು ಕಂಡುಹಿಡಿದರು, ಆದರೆ ಬಾಗಿಲು ಮುಚ್ಚಿದ್ದು ನಾಯಿಪ್ರಿಯರೇ.

ಇಂಗ್ಲೆಂಡಿನ ಬುಲ್‌ಡಾಗ್ ಮೊದಲು ಕಟ್ಟಿಹಾಕಿದ ಗೂಳಿಯ ಮೇಲೆ ಬಿಡುವ ನಾಯಿ. ಹಳೆಯ ಚಿತ್ರಗಳಲ್ಲಿ ಅದಕ್ಕೆ ಸಾಕಷ್ಟು ಉದ್ದ ಕಾಲು, ಕಾಣುವಷ್ಟು ಮೂತಿ ಇದೆ. 1835ರಲ್ಲಿ ಬ್ರಿಟಿಷ್ ಸಂಸತ್ತು ಆ ಕ್ರೀಡೆಯನ್ನು ನಿಷೇಧಿಸಿತು. ನಾಯಿಗೆ ಕೆಲಸ ಹೋಯಿತು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಶ್ವಾನ ಪ್ರದರ್ಶನ ಶುರುವಾಯಿತು, 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು, 1875ರಲ್ಲಿ ಬುಲ್‌ಡಾಗ್ ಕ್ಲಬ್. ಇನ್ನು ಮೇಲೆ ನಾಯಿಯ ಬೆಲೆ ಅದರ ಕೆಲಸದಿಂದಲ್ಲ, ರೂಪದಿಂದ. ತಲೆ ದೊಡ್ಡದಾದಷ್ಟೂ ಅಂಕ ಹೆಚ್ಚು, ಭುಜ ಅಗಲ, ಮೂತಿ ಗಿಡ್ಡ, ಹಿಂಭಾಗ ಕಿರಿದು. ಈ ಪಟ್ಟಿಯನ್ನು ಹೆರಿಗೆಯ ಕಣ್ಣಿನಿಂದ ಒಮ್ಮೆ ಓದಿ ನೋಡಿ. ದೊಡ್ಡ ತಲೆ, ಅಗಲ ಭುಜ ಮರಿಗೆ. ಕಿರಿದಾದ ಸೊಂಟ ತಾಯಿಗೆ. ಗೆದ್ದ ನಾಯಿಯ ಮರಿಗಳಿಗೇ ಬೇಡಿಕೆ ಇದ್ದಿದ್ದರಿಂದ ತಲೆಮಾರು ಕಳೆದಂತೆ ಅದೇ ಅಳತೆ ಗಟ್ಟಿಯಾಯಿತು.

ಮೊದಲಾದರೆ ಇದಕ್ಕೊಂದು ತಡೆ ಇತ್ತು. ಮರಿ ಹೊರಬರದಿದ್ದರೆ ಆ ವಂಶ ಅಲ್ಲಿಗೇ ನಿಲ್ಲುತ್ತಿತ್ತು. 20ನೇ ಶತಮಾನದಲ್ಲಿ ಅರಿವಳಿಕೆ ಸುಧಾರಿಸಿ, ಆಂಟಿಬಯಾಟಿಕ್ ಬಂದು, ನಾಯಿಯ ಸಿಸೇರಿಯನ್ ಸುರಕ್ಷಿತವಾಯಿತು. ತಡೆ ಹೋಯಿತು. ತಪ್ಪು ಆಪರೇಷನ್‌ದಲ್ಲ, ಅದು ಲಕ್ಷಾಂತರ ಜೀವ ಉಳಿಸಿದೆ. ಆದರೆ ಆಪರೇಷನ್ ಇದೆಯಲ್ಲ ಅನ್ನೋ ಧೈರ್ಯದ ಮೇಲೆ ಅಳತೆ ಕೆಡಿಸುತ್ತಾ ಹೋದವರು ನಾವು. ಬ್ರಿಟನ್ನಿನಲ್ಲಿ 151 ಬ್ರೀಡ್‌ಗಳ 22,000ಕ್ಕೂ ಹೆಚ್ಚು ಹೆರಿಗೆಗಳ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಹೀಗೆ: ಬೋಸ್ಟನ್ ಟೆರಿಯರ್‌ನಲ್ಲಿ 100ಕ್ಕೆ 92, ಬುಲ್‌ಡಾಗ್‌ನಲ್ಲಿ 86, ಫ್ರೆಂಚ್ ಬುಲ್‌ಡಾಗ್‌ನಲ್ಲಿ 81 ಹೆರಿಗೆಗಳು ಸಿಸೇರಿಯನ್. ಅಂದರೆ ಈ ನಾಯಿಗಳಿಗೆ 'ಕಷ್ಟದ ಹೆರಿಗೆ' ಅನ್ನೋದು ಅಪವಾದವೇ ಅಲ್ಲ, ಅದೇ ಮಾಮೂಲು.

2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಪೆಡಿಗ್ರೀ ಡಾಗ್ಸ್ ಎಕ್ಸ್‌ಪೋಸ್ಡ್' ಸಾಕ್ಷ್ಯಚಿತ್ರ ಇಂಥ ವಿಷಯಗಳನ್ನು ಮನೆಮನೆಗೆ ತಲುಪಿಸಿತು. ಮರುವರ್ಷ ಕೆನಲ್ ಕ್ಲಬ್ ಬ್ರೀಡ್‌ಗಳ ಅಳತೆಪಟ್ಟಿಯನ್ನು ತಿದ್ದಿತು. ಎರಡು ಬಾರಿ ಸಿಸೇರಿಯನ್ ಆದ ನಾಯಿಯ ಮುಂದಿನ ಮರಿಗಳನ್ನು ನೋಂದಾಯಿಸೋದಿಲ್ಲ ಅಂತ ಆಮೇಲೆ ನಿಯಮ ಮಾಡಿತು. 2022ರ ಜನವರಿಯಲ್ಲಿ ನಾರ್ವೆಯ ಓಸ್ಲೋ ಕೋರ್ಟ್, ಬುಲ್‌ಡಾಗ್ ಮತ್ತು ಕ್ಯಾವಲಿಯರ್ ನಾಯಿಗಳ ಬ್ರೀಡಿಂಗ್ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂದಿತು. ಬುಲ್‌ಡಾಗ್ ಮಟ್ಟಿಗೆ ಮೇಲಿನ ಕೋರ್ಟ್ ಆ ತೀರ್ಪನ್ನು ಉಳಿಸಲಿಲ್ಲ. ಜಗಳ ಇನ್ನೂ ಮುಗಿದಿಲ್ಲ.

ನಮ್ಮೂರ ಬೀದಿ ನಾಯಿಯ ಕಡೆ ನೋಡಿ. ಬಣವೆಯ ಸಂದಿಯಲ್ಲೋ, ನಿಂತ ಕಾರಿನ ಕೆಳಗೋ, ಕಟ್ಟುತ್ತಿರುವ ಬಿಲ್ಡಿಂಗಿನ ಮರಳಿನ ಮೇಲೋ ರಾತ್ರೋರಾತ್ರಿ ಮರಿ ಹಾಕಿ ಬೆಳಿಗ್ಗೆ ನೆಕ್ಕುತ್ತಾ ಮಲಗಿರುತ್ತದೆ. "ನೋಡಿ, ಪ್ರಕೃತಿ ಎಲ್ಲ ನೋಡ್ಕೊಳ್ಳುತ್ತೆ" ಅಂತ ಇದನ್ನೇ ಉದಾಹರಣೆ ಕೊಡೋರಿದ್ದಾರೆ. ಅಷ್ಟು ಸುಲಭ ಇಲ್ಲ. ಮರಿ ಸಿಕ್ಕಿಕೊಂಡ ಬೀದಿ ನಾಯಿ ಯಾರ ಕಣ್ಣಿಗೂ ಬೀಳದೆ ಸತ್ತಿರುತ್ತದೆ, ನಮ್ಮ ಲೆಕ್ಕಕ್ಕೆ ಬರೋದು ಬದುಕಿದ್ದು ಮಾತ್ರ. ಆದರೆ ಆ ನಿರ್ದಯ ಜರಡಿಯಿಂದಲೇ ಅದರ ಮರಿಯ ತಲೆಯೂ ತಾಯಿಯ ಸೊಂಟವೂ ಒಂದಕ್ಕೊಂದು ಹೊಂದಿಕೊಂಡು ಉಳಿದಿವೆ. ಓಟಕ್ಕಾಗಿ ಬೆಳೆಸಿದ ನಮ್ಮ ಮುಧೋಳ ನಾಯಿಯ ತಲೆಯನ್ನೂ ಗಮನಿಸಿ: ಉದ್ದ, ಕಿರಿದು. ಮನುಷ್ಯ ಆರಿಸಿ ಬೆಳೆಸಿದ ತಳಿಯೆಲ್ಲ ಕೆಟ್ಟದ್ದು ಅಂತಲ್ಲ, ಯಾವುದಕ್ಕಾಗಿ ಆರಿಸಿದ ಅನ್ನೋದು ಮುಖ್ಯ.

ಹಾಗಾದರೆ ರಾತ್ರಿ ಎರಡು ಗಂಟೆಗೆ ಮನೆಯಲ್ಲಿರುವವರು ಏನು ಮಾಡಬೇಕು? ಈ ಚರಿತ್ರೆಯಿಂದ ಸಿಗುವ ಪಾಠ ಬಹಳ ಸರಳ: ತಳ್ಳುವ ಮೊದಲು ನೋಡುವುದು.

ನೋಡುವ ಕೆಲಸ ಹೆರಿಗೆಗೆ ಎಂಟು ಹತ್ತು ದಿನ ಮೊದಲೇ ಶುರು. ನಾಯಿಯ ಗರ್ಭ ಸುಮಾರು 63 ದಿನ. 55ನೇ ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಎಷ್ಟು ಮರಿ ಅಂತ ಗೊತ್ತಾಗುತ್ತದೆ, ತಲೆ ತೀರಾ ದೊಡ್ಡದಿದ್ದರೆ ಅದೂ ಕಾಣುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಹೆರಿಗೆ ಮುಗಿಯಿತೋ ನಿಂತಿತೋ ಅಂತ ಹೇಳೋದೇ ಕಷ್ಟ. ರಾತ್ರಿ ತೆರೆದಿರುವ, ಸಿಸೇರಿಯನ್ ಮಾಡುವ ಕ್ಲಿನಿಕ್ ಯಾವುದು ಅಂತ ಆಗಲೇ ವಿಚಾರಿಸಿಟ್ಟುಕೊಳ್ಳಿ. ಮೂತಿ ಗಿಡ್ಡದ ನಾಯಿಯಾದರೆ ಡಾಕ್ಟರ ಜೊತೆ ಆಪರೇಷನ್ ದಿನವನ್ನೇ ಮಾತಾಡಿಟ್ಟುಕೊಳ್ಳೋದು ವಾಸಿ. ಗಬ್ಬ ಇದ್ದಷ್ಟೂ ದಿನ ಕ್ಯಾಲ್ಸಿಯಂ ಮಾತ್ರೆ ನುಂಗಿಸೋ ಅಭ್ಯಾಸ ಬಿಡಿ. ದೇಹ ತಾನೇ ಕ್ಯಾಲ್ಸಿಯಂ ಹೊಂದಿಸಿಕೊಳ್ಳೋದನ್ನು ಮರೆತು, ಹಾಲೂಡಿಸುವಾಗ ನಡುಕ, ಫಿಟ್ಸ್ ಬರುವ ಅಪಾಯ ಇದೆ.

ನಾಯಿಯ ಮೈಬಿಸಿ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರು. ಆಮೇಲೆ ಈ ಸೂಚನೆಗಳಲ್ಲಿ ಒಂದು ಕಂಡರೂ ಫೋನ್ ಮಾಡಿ ಹೊರಟುಬಿಡಬೇಕು: ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಇಲ್ಲ. ಒಳಗೆ ಇನ್ನೂ ಮರಿಯಿದೆ, ಎರಡು ಗಂಟೆಯಾದರೂ ಮುಂದಿನದು ಬಂದಿಲ್ಲ. ಮೊದಲ ಮರಿ ಬರುವ ಮೊದಲೇ ಕಡು ಹಸಿರು ಸ್ರಾವ ಬಂತು, ಅಂದರೆ ಒಳಗೆ ಮಾಸು ಬಿಡಿಸಿಕೊಂಡಿದೆ. ಮೈಬಿಸಿ ಇಳಿದು ಒಂದು ದಿನವಾದರೂ ನೋವೇ ಶುರುವಾಗಿಲ್ಲ. ತಾಯಿ ಸುಸ್ತಾಗಿ ಬಿದ್ದಿದೆ. ಹಿಂಗಾಲು ಮೊದಲು ಬಂದರೆ ಮಾತ್ರ ಹೆದರಬೇಕಿಲ್ಲ, ನಾಯಿಗಳಲ್ಲಿ ಅದು ಸಾಮಾನ್ಯ.

ಕೈ ಹಾಕಬೇಕಾಗಿ ಬರೋದು ಒಂದೇ ಸಂದರ್ಭದಲ್ಲಿ: ಅರ್ಧ ಹೊರಬಂದ ಮರಿ ಅಲ್ಲೇ ನಿಂತಾಗ. ಕೈ ತೊಳೆದು, ಜಾರುವ ಜೆಲ್ ಹಚ್ಚಿ, ಒಣ ಬಟ್ಟೆಯಿಂದ ಮರಿಯ ಮೈಯನ್ನು ಹಿಡಿದು, ತಾಯಿ ತಿಣುಕಿದಾಗ ಮಾತ್ರ, ಹಿಂದಕ್ಕೆ ಮತ್ತು ಕೆಳಕ್ಕೆ ಮೆಲ್ಲಗೆ ಎಳೆಯೋದು. ಒಂದು ಕಾಲು, ಬಾಲ ಹಿಡಿದು ಎಳೆದರೆ ಕಿತ್ತೇ ಬರಬಹುದು. ಹುಟ್ಟಿದ ಮರಿ ಉಸಿರಾಡದಿದ್ದರೆ ಬಾಯಿ ಮೂಗು ಒರೆಸಿ, ಟವೆಲ್‌ನಲ್ಲಿ ಚೆನ್ನಾಗಿ ಉಜ್ಜಿ, ಬೆಚ್ಚಗಿಡಿ. ತಲೆಕೆಳಗಾಗಿ ಹಿಡಿದು ಬೀಸೋದು ಹಳೆಯ ಕಾಲದ ಪದ್ಧತಿ. ಮೆದುಳಿಗೆ ಪೆಟ್ಟಾಗುತ್ತದೆ ಅಂತ ಪಶುವೈದ್ಯರು ಅದನ್ನು ಕೈಬಿಟ್ಟಿದ್ದಾರೆ.

ಇನ್ನು ಆಕ್ಸಿಟೋಸಿನ್? ಅದು ಮನೆಯಲ್ಲೇ ಪುಕ್ಕಟೆ ಸಿಗುತ್ತದೆ. ಮೊದಲು ಹುಟ್ಟಿದ ಮರಿಗಳನ್ನು ಮೊಲೆಗೆ ಹಚ್ಚಿದರೆ ತಾಯಿಯ ಮೆದುಳೇ ಅದನ್ನು ಬಿಡುಗಡೆ ಮಾಡುತ್ತದೆ, ಬೇಕಾದಷ್ಟೇ. ಅದಕ್ಕೂ ಬಗ್ಗದಿದ್ದರೆ ದಾರಿ ತೆರೆದಿದೆಯಾ ಅಂತ ನೋಡಬೇಕಾದ್ದು, ಆಂಪೂಲ್ ಒಡೆಯಬೇಕೋ ಬೇಡವೋ ಅಂತ ಹೇಳಬೇಕಾದ್ದು ಪಶುವೈದ್ಯರು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ಬರೆದದ್ದು ಅವರ ಕೈಯ ಬಗ್ಗೆ. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಅಂತ ಹೇಳುತ್ತಿದ್ದ ಕೈ ಅದು. ಶಾಲೆಗೆ ಹೋಗದ ಆ ಅಜ್ಜಿಯೂ, 1808ರ ಅಮೆರಿಕನ್ ಡಾಕ್ಟರೂ ಒಂದೇ ಕೆಲಸವನ್ನು ಮೊದಲು ಮಾಡುತ್ತಿದ್ದರು.

ನಮ್ಮಲ್ಲಿ ಬಹಳ ಜನರಿಗೆ ಆ ಕೈ ಇಲ್ಲ, ಬರಲಿಕ್ಕೂ ಇಲ್ಲ. ಆದರೆ ಇಎಂಐ ಕಟ್ಟುವ, ಕಂಪನಿ ಬದಲಾಯಿಸುವ ಮೊದಲು ಹತ್ತು ಪ್ರಶ್ನೆ ಕೇಳುವ ನಾವು, ಮುದ್ದಾದ ಚಪ್ಪಟೆ ಮುಖದ ಮರಿಯನ್ನು ದುಡ್ಡು ಕೊಟ್ಟು ತರುವಾಗ ಒಂದು ಪ್ರಶ್ನೆ ಕೇಳಬಹುದು: ಇದರ ತಾಯಿಗೆ ಹೆರಿಗೆ ಹೇಗಾಯಿತು, ಎಷ್ಟನೇ ಸಿಸೇರಿಯನ್? "ಒಂದ್ಸಲ ಮರಿ ಹಾಕಿಸೋಣ, ಮಜಾ ಇರುತ್ತೆ" ಅಂತ ಅನ್ನಿಸಿದಾಗ ಇನ್ನೊಂದು: ನಮ್ಮ ನಾಯಿಗೆ ಅದರ ಬಾಗಿಲು ಸಾಕಾಗುತ್ತದಾ? ಉತ್ತರ ಗೊತ್ತಿಲ್ಲದಿದ್ದರೆ ಮೇಟಿಂಗ್ ಮಾಡಿಸದೇ ಇರೋದೇ ಒಳ್ಳೇದು. ಅಡಾಪ್ಟ್ ಮಾಡಿಕೊಳ್ಳಲು ಕಾಯುತ್ತಿರುವ ಮರಿಗಳು ಆಗಲೇ ಹುಟ್ಟಿ, ಕಾರಿನ ಕೆಳಗೆ ಕಣ್ಣು ಬಿಡುತ್ತಿವೆ.